ಕಡಲತೀರದ ಪಾಠಕ್ಕೆ ಹೋಗುವ ಮೊದಲು ನೀರಿನ ಲೆಕ್ಕ ಕಲಿಯಲಿ

ಮಾನ್ಯ ಸಂಪಾದಕರೇ,

ಹೊರದೇಶದಲ್ಲಿ ಓದಲು ಹೊರಟವರಿಗೆ ಪತ್ರಿಕೆಗಳಲ್ಲಿ ಸಿಗುವ ಮಾರ್ಗದರ್ಶನ ಬಹುಪಾಲು ವೀಸಾ, ಶುಲ್ಕ, ವಸತಿಯ ವಿಚಾರಕ್ಕೇ ಮುಗಿದುಹೋಗುತ್ತದೆ. ಸಾಗರ ಜೀವಶಾಸ್ತ್ರಕ್ಕೆ ಸೇರಿದವರನ್ನು ತರಗತಿಯಿಂದ ನೇರ ಬಂಡೆಗಲ್ಲಿನ ತೀರಕ್ಕೆ ಒಯ್ಯುವ ಕ್ಷೇತ್ರ ಪ್ರವಾಸದ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಅಲ್ಲಿ ಕೆಲಸ ಕೆಡುವುದು ಜೀವಿಗಳ ಹೆಸರು ಗೊತ್ತಿಲ್ಲವೆಂದಲ್ಲ. ಹೆಸರನ್ನು ಕೈಪಿಡಿ ನೋಡಿ ಹೇಳಬಹುದು. ನೀರು ಯಾವಾಗ ಇಳಿಯುತ್ತದೆ, ಎಲ್ಲಿ ಎಣಿಸಬೇಕು, ಏನು ಬರೆದುಕೊಳ್ಳಬೇಕು ಎಂಬುದು ಗೊತ್ತಿಲ್ಲದೆ ಕೆಡುತ್ತದೆ. ಆ ಕೊರತೆ ತುಂಬಲೆಂದು ಈ ಪತ್ರ.

ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಸಣ್ಣವು. ಕೆಲ್ಪ್ ಎಂಬ ದೊಡ್ಡ ಕಂದು ಕಡಲಪಾಚಿ ಬೆಳೆಯುವ ತೀರಾ ಕೆಳಗಿನ ಪಟ್ಟಿ ಆ ದೊಡ್ಡ ಇಳಿತದ ದಿನಗಳಲ್ಲಷ್ಟೇ ನೀರಿನಿಂದ ಹೊರಗೆ ಕಾಣುತ್ತದೆ. ಬಹುತೇಕ ತೀರಗಳಲ್ಲಿ ಒಂದು ಇಳಿತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ನಿನ್ನೆಯ ವೇಳೆ ಇವತ್ತು ಸುಮಾರು 50 ನಿಮಿಷ ತಡವಾಗುತ್ತದೆ. ಪೂರ್ತಿ ಇಳಿದ ಹೊತ್ತಿಗೆ ಹೋಗಿ ನಿಂತರೆ ಕೆಲಸಕ್ಕೆ ಸಮಯ ಸಾಲದು. ಎರಡು ಗಂಟೆ ಮೊದಲೇ ಹೋಗಿ, ಇಳಿಯುವ ನೀರಿನ ಹಿಂದೆಯೇ ಮೇಲಿನಿಂದ ಕೆಳಕ್ಕೆ ಎಣಿಸುತ್ತ ಸಾಗಬೇಕು.

ನೀರು ಒಂದೇ ವೇಗದಲ್ಲಿ ಏರುವುದಿಲ್ಲ ಎಂಬುದನ್ನು ಮನಸ್ಸಿನಲ್ಲಿಡಬೇಕು. ಆರು ಮೀಟರ್ ಏರಿಳಿತವಿರುವ ತೀರದಲ್ಲಿ ಮೊದಲ ಗಂಟೆಗೆ ಅಂದಾಜು ಅರ್ಧ ಮೀಟರ್, ಎರಡನೆಯ ಗಂಟೆಗೆ ಒಂದು ಮೀಟರ್, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ತಲಾ ಒಂದೂವರೆ ಮೀಟರ್ ಏರುತ್ತದೆ. ಮೊದಲ ಗಂಟೆಯ ನಿಧಾನ ಕಂಡು ಇನ್ನೂ ಹೊತ್ತಿದೆ ಎಂದುಕೊಂಡವರೇ ಸಿಕ್ಕಿಬೀಳುತ್ತಾರೆ, ಏಕೆಂದರೆ ನೀರು ಕಾಲ ಬುಡಕ್ಕೆ ಬರುವ ಮೊದಲೇ ಬೆನ್ನ ಹಿಂದಿನ ತಗ್ಗನ್ನು ತುಂಬಿರುತ್ತದೆ. ಉಬ್ಬರವಿಳಿತದ ಹೊತ್ತು ತಿಳಿಸುವ ಬ್ರಿಟನ್ನಿನ ಹಲವು ವೇಳಾಪಟ್ಟಿಗಳು ಗ್ರೀನಿಚ್ ವೇಳೆಯಲ್ಲಿರುತ್ತವೆ. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ಅದಕ್ಕಿಂತ ಒಂದು ಗಂಟೆ ಮುಂದು. ಆ ಒಂದು ಗಂಟೆ ಕೂಡಿಸಬೇಕು. ಆದರೆ ಮೊದಲೇ ಕೂಡಿಸಿ ಅಚ್ಚಾದ ವೇಳಾಪಟ್ಟಿಗೆ ಮತ್ತೆ ಕೂಡಿಸಿದರೆ, ನೀರು ಏರತೊಡಗಿದ ಮೇಲೆ ಕೆಳಗಿಳಿಯುವ ಅಪಾಯವಿದೆ. ವಾಯುಭಾರ ಕುಸಿದ ದಿನ ವೇಳಾಪಟ್ಟಿಯನ್ನು ಪೂರ್ತಿ ನಂಬಲಾಗದು: ಒಂದು ಮಿಲಿಬಾರ್ ಇಳಿದರೆ ಸಮುದ್ರಮಟ್ಟ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಬ್ರಿಟನ್ನಿನ ಸೆವರ್ನ್ ನದೀಮುಖದಲ್ಲಿ ಏರಿಳಿತ ಸುಮಾರು 14 ಮೀಟರ್ ಮುಟ್ಟುತ್ತದೆ. ಮೆಡಿಟರೇನಿಯನ್‌ನ ಬಹುಭಾಗದಲ್ಲಿ ಅದು ಅರ್ಧ ಮೀಟರೂ ಇಲ್ಲ. ಒಂದು ಕಡೆ ಕಲಿತ ಲೆಕ್ಕ ಇನ್ನೊಂದು ಕಡೆ ನಡೆಯದು.

ಇನ್ನು ಎಣಿಕೆ. ಕ್ವಾಡ್ರಾಟ್ ಎಂದರೆ ಸಾಮಾನ್ಯವಾಗಿ ಅರ್ಧ ಮೀಟರ್ ಉದ್ದಗಲದ ಚೌಕಟ್ಟು. ಒಳಗೆ ದಾರ ಕಟ್ಟಿ 100 ಮನೆ ಮಾಡಿದ್ದರೆ ಒಂದು ಮನೆ ಶೇಕಡಾ ಒಂದಕ್ಕೆ ಸಮ. ಅದನ್ನು ಕಣ್ಣು ಮುಚ್ಚಿ ಎಸೆದರೂ ಕೈ ತನಗೆ ಬೇಕಾದ ಕಡೆಗೇ ವಾಲುತ್ತದೆ. ತೀರಕ್ಕೆ ಸಮಾನಾಂತರವಾಗಿ ಟೇಪು ಹಾಸಿ, ಮೊದಲೇ ಬರೆದಿಟ್ಟ ಯಾದೃಚ್ಛಿಕ ಸಂಖ್ಯೆಗಳಿರುವ ಜಾಗದಲ್ಲೇ ಇಡಬೇಕು. ಒಂದೇ ಎತ್ತರದಲ್ಲಿ ಎಂಟು ಹತ್ತು ಕಡೆಯಾದರೂ ನೋಡದಿದ್ದರೆ ಯಾವ ಹೋಲಿಕೆಯೂ ನಿಲ್ಲದು. ಬಂಡೆಗೆ ಅಂಟಿಕೊಂಡಿರುವ ಲಿಂಪೆಟ್ ಎಂಬ ಚಿಪ್ಪುಜೀವಿಯಂಥವನ್ನು ಎಣಿಸಬೇಕು, ಪಾಚಿ ಆವರಿಸಿದ ಜಾಗವನ್ನು ಶೇಕಡಾವಾರು ಬರೆಯಬೇಕು. ಅಂಚಿನ ಮೇಲೆ ಕೂತವನ್ನು ಎರಡು ಬದಿಗಳಲ್ಲಿ ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು ಉಳಿದೆರಡು ಬದಿಗಳಲ್ಲಿ ಬಿಡಬೇಕು. ಪಾಚಿ ಒಂದರ ಮೇಲೊಂದು ಹಾಸಿದ್ದರೆ ಮೊತ್ತ 100 ದಾಟಬಹುದು, ಅದು ತಪ್ಪಲ್ಲ. ಇಲ್ಲದ ಜೀವಿಗೆ ಸೊನ್ನೆಯನ್ನೇ ಬರೆಯಬೇಕು. ಖಾಲಿ ಬಿಟ್ಟರೆ ಜೀವಿ ಇರಲಿಲ್ಲವೋ, ನೋಡಲು ಮರೆತರೋ ಎಂದು ಆಮೇಲೆ ತಿಳಿಯುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ ಇನ್ನೊಂದಿದೆ: ಒಬ್ಬರು ಉದ್ದಕ್ಕೂ ಮೇಲಿನ ಪಟ್ಟಿಯಲ್ಲಿ, ಇನ್ನೊಬ್ಬರು ಉದ್ದಕ್ಕೂ ಕೆಳಗಿನ ಪಟ್ಟಿಯಲ್ಲಿ ಎಣಿಸುವುದು. ಆಗ ಕಂಡ ವ್ಯತ್ಯಾಸ ತೀರದ್ದೋ ಎಣಿಸಿದವರದ್ದೋ ಹೇಳಲಾಗದು. ಕೆಲಸಕ್ಕೆ ಮುನ್ನ ಎಲ್ಲರೂ ಒಂದೇ ಚೌಕಟ್ಟನ್ನು ಬೇರೆ ಬೇರೆಯಾಗಿ ಅಂದಾಜು ಮಾಡಿ ಹೋಲಿಸಿಕೊಳ್ಳಲಿ. ಇದಕ್ಕೆ ಹತ್ತು ನಿಮಿಷ ಸಾಕು. ನೀರಿಗೆ ಹರಡದ ಪೆನ್ಸಿಲ್ಲಿನಲ್ಲೇ ಬರೆಯಲಿ.

ಮಗುಚಿದ ಕಲ್ಲನ್ನು ಮೊದಲಿದ್ದಂತೆಯೇ ಇಡುವುದು ಶಿಷ್ಟಾಚಾರಕ್ಕಷ್ಟೇ ಅಲ್ಲ. ಅಡಿಯ ಜೀವಿಗಳು ಬಿಸಿಲಿಗೆ ಒಣಗಿ, ಮೇಲಿನ ಪಾಚಿ ಕತ್ತಲಲ್ಲಿ ಕೊಳೆತು, ಎರಡೂ ಸಾಯುತ್ತವೆ. ಡಿಎನ್‌ಎ ಪರೀಕ್ಷೆಗೆ ಮಾದರಿ ಬೇಕಿದ್ದರೆ ಶೇಕಡಾ 95ರ ಎಥನಾಲ್ ಬಳಸಬೇಕು, ಅದೂ ಮಾದರಿಯ ಕನಿಷ್ಠ ಮೂರು ಪಟ್ಟು. ಮಾದರಿ ಕೆಡದಂತೆ ಇಡಲು ಬಳಸುವ ಇನ್ನೊಂದು ದ್ರಾವಣವಾದ ಫಾರ್ಮಲಿನ್ ಡಿಎನ್‌ಎಯನ್ನು ಹಾಳುಮಾಡುತ್ತದೆ; ಬೋರಾಕ್ಸ್ ಬೆರೆಸದಿದ್ದರೆ ಆಮ್ಲೀಯವಾಗಿ ಚಿಪ್ಪನ್ನೂ ಕರಗಿಸುತ್ತದೆ. ನೆನಪಿಗೆಂದು ಹವಳದ ತುಂಡು ಬ್ಯಾಗಿಗೆ ಹಾಕುವುದು ಬೇಡವೇ ಬೇಡ. ಗಟ್ಟಿ ಹವಳ, ಕಡಲಕುದುರೆ, ದೈತ್ಯ ಕಪ್ಪೆಚಿಪ್ಪುಗಳು ಅಳಿವಿನಂಚಿನ ಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಒಪ್ಪಂದದ ಪಟ್ಟಿಯಲ್ಲಿವೆ. ಸತ್ತದ್ದೆಂಬ ಮಾತ್ರಕ್ಕೆ ಗಡಿಯಲ್ಲಿ ವಿನಾಯಿತಿ ಸಿಗದು.

ಉಷ್ಣವಲಯದ ತೀರಗಳಲ್ಲಿ ಅಂದದ ಶಂಕುವಿನಾಕಾರದ ಬಸವನಹುಳು ಕಂಡರೆ ಕೈಯಿಂದ ಎತ್ತಲೇಬಾರದು. ಅದರ ವಿಷಕ್ಕೆ ಪ್ರತಿವಿಷವಿಲ್ಲ. ಸ್ಟೋನ್‌ಫಿಷ್‌ನಂಥ ಮೀನಿನ ಮುಳ್ಳು ಚುಚ್ಚಿದರೆ, ಸುಡದಷ್ಟು, ಸುಮಾರು 45 ಡಿಗ್ರಿ ಬಿಸಿಯ ನೀರಿನಲ್ಲಿ ಕಾಲಿಟ್ಟು ತಕ್ಷಣ ಆಸ್ಪತ್ರೆಗೆ ಹೊರಡಬೇಕು. ತಣ್ಣನೆಯ ದೇಶಗಳಲ್ಲಿ ಜೀನ್ಸ್ ಬೇಡ. ಒದ್ದೆ ಹತ್ತಿಬಟ್ಟೆ ಮೈಯ ಬಿಸಿಯನ್ನು ಹೀರಿಬಿಡುತ್ತದೆ, ಉಣ್ಣೆ ಒದ್ದೆಯಾದರೂ ಒಂದಿಷ್ಟು ಕಾಪಾಡುತ್ತದೆ. ಸ್ಕೂಬಾ ಮುಳುಗು ಪ್ರವಾಸದ ಭಾಗವಾಗಿದ್ದರೆ, ಹಲವು ಬಾರಿ ಮುಳುಗಿದ ಮೇಲೆ ವಿಮಾನ ಹತ್ತಲು ಕನಿಷ್ಠ 18 ಗಂಟೆ ಬಿಡಬೇಕು. ಹಿಂದಿರುಗುವ ಟಿಕೆಟ್ ಕಾಯ್ದಿರಿಸುವಾಗಲೇ ಈ ಲೆಕ್ಕ ಹಾಕಿಕೊಳ್ಳಲಿ.

ಇಂತಿ,
ಸಾಗರ ಜೀವಶಾಸ್ತ್ರದ ಇಬ್ಬರು ಅಧ್ಯಾಪಕರು