ಕೊಂಡ ಹಾಡಿಗೂ ಬೀಗ ಯಾಕೆ?

ಸಂಪಾದಕರಿಗೆ ನಮಸ್ಕಾರ,

ದುಡ್ಡು ಕೊಟ್ಟು ಕೊಂಡ ಹಾಡು ನಮ್ಮದೇ ಅಲ್ವಾ? ನಾನೂ ಹಾಗೇ ನಂಬಿದ್ದೆ. ವರ್ಷಗಳ ಹಿಂದೆ ಒಂದು ಆನ್‌ಲೈನ್ ಅಂಗಡಿಯಲ್ಲಿ ಕೊಂಡಿದ್ದ ಹಾಡುಗಳು, ಕಂಪ್ಯೂಟರ್ ಬದಲಿಸಿದ ದಿನವೇ ಬಾಯಿ ಮುಚ್ಚಿದವು. ಫೈಲ್‌ಗಳು ಹಾಗೇ ಇವೆ. ನಕಲು ತಡೆಯಲು ಕಂಪನಿ ಫೈಲಿಗೆ ಹಾಕಿದ ಡಿಜಿಟಲ್ ಬೀಗ ತೆಗೆಯಲು ಅನುಮತಿ ಕೊಡಬೇಕಿದ್ದ ಸರ್ವರ್ ಮಾತ್ರ ಇಲ್ಲ.

ಇದು ಹಳೆಯ ಗೋಳು. 2003ರಲ್ಲಿ ಐಟ್ಯೂನ್ಸ್ ಅಂಗಡಿ ತೆರೆದ ಆಪಲ್, ಅಲ್ಲಿ ಮಾರುವ ಎಎಸಿ ಎಂಬ ಬಗೆಯ ಫೈಲ್‌ಗಳಿಗೆ ಫೇರ್‌ಪ್ಲೇ ಎಂಬ ಬೀಗ ಹಾಕಿತು. ಮೈಕ್ರೋಸಾಫ್ಟ್ ತನ್ನ ಡಬ್ಲ್ಯುಎಂಎ ಬಗೆಯ ಫೈಲಿಗೆ ಬೇರೆಯದೇ ಬೀಗ ಹಾಕಿತು. ಸೋನಿ ಅಟ್ರಾಕ್ ಎಂಬ ತನ್ನದೇ ಬಗೆಯ ಫೈಲನ್ನು ಹಿಡಿದು ಕೂತಿತು. ಒಬ್ಬರ ಹಾಡು ಇನ್ನೊಬ್ಬರ ಪ್ಲೇಯರ್‌ನಲ್ಲಿ ಓಡದು. 2006ರಲ್ಲಿ ಮೈಕ್ರೋಸಾಫ್ಟ್ ತಂದ ಝೂನ್ ಪ್ಲೇಯರ್, ಅದೇ ಕಂಪನಿಯ ಹಿಂದಿನ ಬೀಗವಿದ್ದ, ಪ್ಲೇಸ್‌ಫಾರ್‌ಶ್ಯೂರ್ ಗುರುತಿನ ಹಾಡುಗಳನ್ನೇ ನುಡಿಸಲಿಲ್ಲ!

ಆಗ ಹೆಚ್ಚಿನ ಸಿ.ಡಿ.ಗಳಿಗೆ ಬೀಗವೇ ಇರಲಿಲ್ಲ. ಕದಿಯುವವರು ಅದರಿಂದ ಸಲೀಸಾಗಿ ಎಂಪಿ3 ಮಾಡಿಕೊಳ್ಳುತ್ತಿದ್ದರು. ಪೇಚಿಗೆ ಸಿಕ್ಕಿದ್ದು ದುಡ್ಡು ಕೊಟ್ಟವರು. ನನಗೆ ಜಾಸ್ತಿ ಸಿಟ್ಟು ಬರುವುದು ಇದಕ್ಕೇ. 2007ರಲ್ಲಿ ಇಎಂಐ ಎಂಬ ಸಂಗೀತ ಕಂಪನಿ ಬೀಗ ಬಿಡಲು ಒಪ್ಪಿತು. 2009ರಲ್ಲಿ ಐಟ್ಯೂನ್ಸ್ ಹಾಡುಗಳೆಲ್ಲ ಬೀಗದಿಂದ ಬಿಡುಗಡೆಯಾದವು.

ಈಗ ಚಂದಾ ಕಾಲ. ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿದ ಹಾಡಿಗೆ ಮತ್ತೆ ಬೀಗ. ಚಂದಾ ನಿಂತರೆ ಹಾಡೂ ನಿಲ್ಲುತ್ತದೆ. ಕಲಾವಿದರಿಗೆ ದುಡ್ಡು ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ‘ಖರೀದಿಸಿ’ ಎಂದು ಬರೆದು ಮಾರುವವರು ಬೀಗವಿಲ್ಲದ ಫೈಲನ್ನೇ ಕೊಡಬೇಕು. ಹಾಡು ಕೊಳ್ಳುವವರಲ್ಲಿ ನನ್ನ ಕೋರಿಕೆ ಇಷ್ಟೇ. ಬೀಗವಿಲ್ಲದ ಎಂಪಿ3 ಅಥವಾ ಫ್ಲಾಕ್ ಬಗೆಯ ಫೈಲ್ ಸಿಗುವ ಕಡೆಯೇ ಕೊಳ್ಳಿ, ಅವತ್ತೇ ಬೇರೆ ಡಿಸ್ಕ್‌ನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ.

– ಒಬ್ಬ ಸಂಗೀತಪ್ರೇಮಿ