ಗೆಜ್ಜೆ ಹೊಲಿದ ಕೈಗಳಿಗೆ

ಮೊನ್ನೆ ಭಾನುವಾರ ಮುಂಬಯಿಯ ಮಾಟುಂಗಾದಲ್ಲಿ ನಮ್ಮ ಮಳೆ ನಾಟಕದ 25ನೆಯ ಪ್ರಯೋಗ ಮುಗಿಯಿತು. ಒಂದರಿಂದ ಮೂರು ವರ್ಷದೊಳಗಿನ 20 ಮಕ್ಕಳು, ಅವರನ್ನು ತೊಡೆಯ ಮೇಲೆ ಕೂರಿಸಿಕೊಂಡ 20 ದೊಡ್ಡವರು, ನಡುವೆ ನೆಲಕ್ಕೆ ಹಾಸಿದ ನೀಲಿ ಬಟ್ಟೆ. ನಾಟಕ ನೀವೆಲ್ಲ ನೋಡಿದ್ದೇ. ಯಾರ ಯಾರ ಋಣದಲ್ಲಿದ್ದೇವೆ ಎಂಬುದನ್ನಷ್ಟೇ ಬರೆಯುತ್ತೇವೆ.

ಬೆಳಿಗ್ಗೆ ಹತ್ತೂವರೆಗೇ ಸಭಾಂಗಣ ಬೇಕು ಎಂದಾಗ ಒಪ್ಪಿದ ಹಿರಿಯರು (ತಿಂಡಿ ಆಗಿರಬೇಕು, ಮಧ್ಯಾಹ್ನದ ನಿದ್ದೆ ಹತ್ತಿರ ಬಂದಿರಬಾರದು, ಈ ವಯಸ್ಸಿಗೆ ಇರುವುದು ಅದೊಂದೇ ಹೊತ್ತು), ಬಾಗಿಲಲ್ಲಿ ಚಪ್ಪಲಿ, ಛತ್ರಿ, ಮಕ್ಕಳ ಗಾಡಿ ಕಾದ ಹುಡುಗರು, ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಚಾಪೆ ಹೊತ್ತು ತಂದವರು, ಎಲ್ಲರಿಗೂ ನಮಸ್ಕಾರ.

ದೀಪ ನೋಡಿಕೊಂಡ ಅಣ್ಣ ಒಮ್ಮೆಯೂ ಪೂರ್ತಿ ಕತ್ತಲೆ ಮಾಡಲಿಲ್ಲ. 40 ಸೆಕೆಂಡು ತೆಗೆದುಕೊಂಡು ಬೆಳಕನ್ನು ಅರ್ಧಕ್ಕೆ ಇಳಿಸಿ ಅಲ್ಲಿಗೇ ನಿಲ್ಲಿಸಿದರು. ಹೊಸದೇನಾದರೂ ಕಂಡರೆ ಕೂಸು ತಕ್ಷಣ ತಿರುಗಿ ಅಮ್ಮನ ಮುಖ ನೋಡುತ್ತದೆ. ಆ ಮುಖ ಕಾಣದಿದ್ದರೆ ಅಳು, ಒಂದು ಅತ್ತರೆ ಸಾಲಿಗೆ ಸಾಲೇ ಅಳು. ಗುಡುಗಿಗೆಂದು ತಂದಿದ್ದ ತಗಡನ್ನು ಮೊದಲ ಪ್ರಯೋಗಕ್ಕೇ ಕೈಬಿಟ್ಟದ್ದೂ ಇದಕ್ಕೇ. ಈಗ ದೊಡ್ಡವರೇ ಬೆರಳ ತುದಿಯಿಂದ ನೆಲ ಬಡಿಯುತ್ತಾರೆ, ತೊಡೆಯ ಮೇಲಿನ ಮಗುವಿಗೆ ಗುಡುಗು ಮೊದಲು ಮೈಗೆ ತಾಗಿ ಆಮೇಲೆ ಕಿವಿಗೆ ಬೀಳುತ್ತದೆ. ಜುಲೈ ತಿಂಗಳ ಮುಂಬಯಿಯಲ್ಲಿ ಮೃದಂಗದ ಚರ್ಮ ಸಡಿಲಾಗಿ ಶ್ರುತಿ ನಿಲ್ಲುವುದಿಲ್ಲ ಎಂದು ಮೊದಲೇ ಎಚ್ಚರಿಸಿ ಮಣ್ಣಿನ ಘಟ ಹಿಡಿದು ಕೂತವರಿಗೂ ವಂದನೆ.

ಇನ್ನು ಗೆಜ್ಜೆ ಹೊಲಿದ ಅಕ್ಕ.

ನೀಲಿ ಬಟ್ಟೆಯ ಅಂಚಿಗೆ 60 ಹಿತ್ತಾಳೆ ಗೆಜ್ಜೆಗಳಿದ್ದವು. ಮೊದಲ ಪ್ರಯೋಗದ ಹಿಂದಿನ ಸಂಜೆ, ನಾಲ್ಕೈದು ಮಕ್ಕಳನ್ನು ಕರೆದು ಮಾಡಿದ ತಾಲೀಮಿನಲ್ಲಿ ಅವುಗಳಲ್ಲೊಂದು ಕಿತ್ತು ಬಂತು. 14 ತಿಂಗಳ ಮಗುವಿನ ಬಾಯಲ್ಲಿತ್ತು. ನಾಲಗೆಯ ಮೇಲೆಯೇ ಕಂಡದ್ದರಿಂದ ಅದರ ಅಮ್ಮ ತೆಗೆದರು. ಒಂದಿಷ್ಟು ಒಳಗೆ ಜಾರಿದ್ದರೆ? ಈ ವಾಕ್ಯವನ್ನು ಮುಗಿಸಲು ಇವತ್ತಿಗೂ ಆಗುವುದಿಲ್ಲ. ಆ ಹೊತ್ತಿಗೆ ನಾಟಕವೇ ಬೇಡವೆನಿಸಿತ್ತು.

ಅಕ್ಕ ಗೆಜ್ಜೆಯನ್ನು ಬೆಳಕಿಗೆ ಹಿಡಿದು ಕಾರಣ ಹುಡುಕಿದರು. ಗೆಜ್ಜೆಯ ಕಿವಿಯ ಉಂಗುರ ಪೂರ್ತಿ ಮುಚ್ಚಿರುವುದಿಲ್ಲ, ಅದರ ಸೀಳಿನ ಚೂಪು ಅಂಚು ಅಲುಗಿದಂತೆಲ್ಲ ದಾರವನ್ನು ಕೊಯ್ಯುತ್ತದೆ. ಎಷ್ಟೇ ಗಟ್ಟಿ ದಾರ ಹಾಕಿದರೂ ಅದೇ ಗತಿ. ಆದ್ದರಿಂದ ದಾರಕ್ಕೆ ಗೆಜ್ಜೆ ಕಟ್ಟುವುದೇ ಬೇಡ, ಚೀಲದೊಳಗೆ ಹಾಕಿ ಹೊಲಿಯೋಣ ಎಂದರು. ಮೊದಲು ದಪ್ಪ ಕ್ಯಾನ್ವಾಸ್ ಚೀಲ ಮಾಡಿ ಎಂಟೆಂಟು ತುಂಬಿದರು. ದನಿ ಸತ್ತೇಹೋಯಿತು. ಎಲ್ಲವನ್ನೂ ಬಿಚ್ಚಿ, ಎರಡು ಪದರ ಮಲ್‌ಮಲ್ ಬಟ್ಟೆಯಲ್ಲಿ 12 ಚೀಲ, ಒಂದೊಂದಕ್ಕೆ ಐದೇ ಗೆಜ್ಜೆ. ಒಳಗೆ ಆಡಲು ಜಾಗ ಇದ್ದರೇ ಗೆಜ್ಜೆ ನುಡಿಯುತ್ತದೆ. ಮಷೀನು ಇರಲಿಲ್ಲ. ಒಂದು ಹೆಜ್ಜೆ ಹಿಂದೆ ಬಂದು ಎರಡು ಹೆಜ್ಜೆ ಮುಂದೆ ಹೋಗುವ ಕೈಹೊಲಿಗೆ, ಚೀಲ ಮಗುಚಿ ಅದರ ಮೇಲೊಂದು ಸಾಲು, ಆಮೇಲೆ ನಾಲ್ಕೂ ಬದಿ ನೀಲಿ ಬಟ್ಟೆಗೆ. ಕೊನೆಯ ಲೋಕಲ್ ಹೋಯಿತು. ಅಕ್ಕ ತಲೆ ಎತ್ತಲಿಲ್ಲ. ಬೆಳಗಿನ ಜಾವ ಒಂದೊಂದು ಚೀಲಕ್ಕೂ ಐದು ಕಿಲೋ ಅಕ್ಕಿಯ ಮೂಟೆ ನೇತುಹಾಕಿ ಹತ್ತರವರೆಗೆ ಎಣಿಸಿದರು. ಮೂರನೆಯದು ಬಿರಿಯಿತು. ಅದನ್ನು ಮತ್ತೆ ಹೊಲಿದರು.

ಅಷ್ಟಕ್ಕೆ ಬಿಡಲಿಲ್ಲ. ಟಾಯ್ಲೆಟ್ ಪೇಪರಿನ ಖಾಲಿ ಸುರುಳಿಯೊಂದನ್ನು ತಂದು, ಅದರೊಳಗೆ ತೂರುವಂಥದ್ದು ಮಗುವಿನ ಗಂಟಲಲ್ಲೂ ಸಿಕ್ಕೀತು, ಅಂಥ ಯಾವ ವಸ್ತುವೂ ಬಟ್ಟೆಯ ಮೇಲೆ ಇರಕೂಡದು ಎಂದರು. ಬಣ್ಣದ ಗೋಲಿ, ಮರದ ಹನಿ ಎಲ್ಲ ಹೊರಗೆ ಹೋದವು. ಅಂಗಿಯ ಗುಂಡಿಯಂಥ ಬ್ಯಾಟರಿ ಸೆಲ್ಲಿನ ಪುಟ್ಟ ದೀಪಗಳನ್ನಂತೂ ಕೋಣೆಯಲ್ಲೇ ಇಡಗೊಡಲಿಲ್ಲ. ಮಗು ನುಂಗಿದರೆ ಆ ಸೆಲ್ ಎರಡು ಗಂಟೆಯೊಳಗೇ ಅನ್ನನಾಳವನ್ನು ಸುಡಬಲ್ಲದು. ಹನಿ ಬೀಳುವ ಹರಿವಾಣದಲ್ಲಿ ನೀರು ಎರಡು ಬೆರಳಿಗಿಂತ ಹೆಚ್ಚಿರಬಾರದು, ಅದರ ಪಕ್ಕ ಕಾವಲು ಕೂತವರು ಏಳಲೇಬಾರದು, ಸುತ್ತ ಟವೆಲು ಹಾಸಿರಬೇಕು, ಇದೂ ಅವರ ಕಟ್ಟಪ್ಪಣೆಯೇ.

25 ನಿಮಿಷದ ಆಟ ಮುಗಿದ ಮೇಲೆ 15 ನಿಮಿಷ ಬಟ್ಟೆಯನ್ನು ಮಕ್ಕಳಿಗೇ ಬಿಟ್ಟುಕೊಡುತ್ತೇವೆ. ನಮ್ಮ ಮಟ್ಟಿಗೆ ನಾಟಕದ ಮುಖ್ಯ ಭಾಗ ಅದೇ. ಮನೆಯಲ್ಲಿ ತುಳು, ಕೆಳಗಿನ ಅಂಗಳದಲ್ಲಿ ಮರಾಠಿ ಕೇಳುವ ಮಕ್ಕಳು ಹನಿ, ಟಪ್, ಅಗೋ, ಇಲ್ಲ ಎಂಬ ನಮ್ಮ ನಾಲ್ಕೇ ಮಾತುಗಳನ್ನು ಎತ್ತಿಕೊಂಡು ಚೀಲಗಳನ್ನು ಜಗ್ಗುತ್ತಾರೆ, ಕಚ್ಚುತ್ತಾರೆ, ಚೀಪುತ್ತಾರೆ. 25 ಪ್ರಯೋಗಗಳಲ್ಲಿ ಒಂದು ಗೆಜ್ಜೆಯೂ ಹೊರಬಂದಿಲ್ಲ.

ಅಕ್ಕಾ, ಏಳನೆಯ ಚೀಲದ ಮೂಲೆ ತುಸು ಸವೆದಿದೆ. ಬಟ್ಟೆ ಒಗೆದು ಒಣಗಿಸಿ ಈ ವಾರವೇ ಕಳಿಸುತ್ತೇವೆ. ನೀವು ನೋಡಿ ಸರಿ ಎನ್ನುವ ತನಕ 26ನೆಯ ಪ್ರಯೋಗದ ತಾರೀಕು ಇಡುವುದಿಲ್ಲ.