ಅನಿಮೆ ಮೇಳಗಳೆಲ್ಲ ಕಂಪನಿ ವ್ಯವಹಾರವಲ್ಲ

ಮಾನ್ಯರೇ,

ಬೆಂಗಳೂರಿನ ಕಾಮಿಕ್ ಕಾನ್ ಕುರಿತ ನಿಮ್ಮ ಪತ್ರಿಕೆಯ ಲೇಖನ ಓದಿದೆ. ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಚಿತ್ರಗಳ ಪಾತ್ರಗಳ ವೇಷ ಹಾಕಿ ಮೇಳ ಸೇರುವುದು ಕಂಪನಿಗಳು ದುಡ್ಡಿಗಾಗಿ ಹಬ್ಬಿಸಿದ ಗೀಳು ಎಂದು ಲೇಖಕರು ತೀರ್ಪು ಕೊಟ್ಟಿದ್ದಾರೆ. ಬೆಂಗಳೂರಿನದು ಕಂಪನಿಯ ಮೇಳ, ಒಪ್ಪೋಣ. ಆದರೆ ನಾನಿರುವ ಮೇರಿಲ್ಯಾಂಡಿನ ಮಗ್ಗುಲಲ್ಲೇ, ವಾಷಿಂಗ್ಟನ್ನಿನಲ್ಲಿ ಬೇಸಿಗೆಗೆ ನಡೆಯುವ ಒಟಾಕಾನ್ ಎಂಬ ಅನಿಮೆ ಮೇಳ ಯಾವ ಕಂಪನಿಯ ಸ್ವತ್ತೂ ಅಲ್ಲ.

1994ರಲ್ಲಿ ಪೆನ್ಸಿಲ್ವೇನಿಯಾದ ಸ್ಟೇಟ್ ಕಾಲೇಜ್ ಎಂಬ ಊರಿನ ಹೋಟೆಲೊಂದರಲ್ಲಿ ಅದು ಶುರುವಾದಾಗ ಸೇರಿದ್ದವರು ಸುಮಾರು 350 ಮಂದಿ. ಹಿಂದಿದ್ದದ್ದು ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಅನಿಮೆ ಕ್ಲಬ್ಬಿನ ಬಳಗ. ಅಭಿಮಾನಿಗಳೇ ಇಂಗ್ಲಿಷ್ ಅಡಿಬರಹ ಕೂರಿಸಿದ ವಿಡಿಯೊ ಕ್ಯಾಸೆಟ್ಟುಗಳು ಕಾಪಿಯ ಮೇಲೆ ಕಾಪಿಯಾಗಿ, ಚಿತ್ರ ಮಸುಕಾಗಿ ಕೈ ಸೇರುತ್ತಿದ್ದ ಕಾಲ ಅದು. ಮುಂದೆ ಹಂಟ್ ವ್ಯಾಲಿ, ಆರ್ಲಿಂಗ್ಟನ್ ಊರುಗಳನ್ನು ಸುತ್ತಿ 1999ರಲ್ಲಿ ನಮ್ಮ ಮೇರಿಲ್ಯಾಂಡಿನ ಬಾಲ್ಟಿಮೋರ್ ಸೇರಿತು.

ನಾನು ಕಂಡದ್ದು ಬಾಲ್ಟಿಮೋರಿನ ಮೇಳವನ್ನು. ಲೈಟ್ ರೈಲಿನಲ್ಲಿ ಒಂದು ಸೀಟಿನಲ್ಲಿ ಊರಿನ ಬೇಸ್‌ಬಾಲ್ ತಂಡ ಓರಿಯೋಲ್ಸ್‌ನ ಟೋಪಿ ಹಾಕಿದ ಅಜ್ಜ, ಪಕ್ಕದಲ್ಲಿ ನೀಲಿ ಕೂದಲಿನ, ಥರ್ಮಾಕೋಲ್ ಕತ್ತಿಯ ಹುಡುಗಿ. ಆ ಧಗೆಯಲ್ಲಿ ಅಷ್ಟು ದಪ್ಪ ವೇಷ ಹೇಗೆ ತಡೆದುಕೊಳ್ಳುತ್ತಾರೋ! 2004ರಲ್ಲಿ ಜಪಾನಿನ ಲಾರ್ಕ್ ಆನ್ ಸಿಯೆಲ್ ಎಂಬ ರಾಕ್ ಸಂಗೀತ ತಂಡ ಉತ್ತರ ಅಮೆರಿಕದಲ್ಲಿ ಮೊದಲ ಸಲ ಹಾಡಿದ್ದು ಈ ಮೇಳಕ್ಕಾಗಿಯೇ. 2013ರ ಹೊತ್ತಿಗೆ ಜನ 34 ಸಾವಿರ ಮುಟ್ಟಿದರು, ಸಭಾಭವನ ಸಾಲದಾಯಿತು. 2017ರಲ್ಲಿ ವಾಷಿಂಗ್ಟನ್ನಿಗೆ ಹೋದಾಗ ಸಂಖ್ಯೆ 25 ಸಾವಿರದ ಆಸುಪಾಸಿಗೆ ಇಳಿಯಿತು. ಬಾಲ್ಟಿಮೋರಿನವರು ಮುನಿಸಿಕೊಂಡಿದ್ದೂ ಹೌದು. ನನಗೂ ಆ ರೈಲಿನ ಮಜಾ ತಪ್ಪಿತು. ಈಗ ಹಳೆಯ ದಾಖಲೆಯನ್ನೂ ಮೀರಿ ಬೆಳೆದಿದೆ.

ಇಷ್ಟೆಲ್ಲ ನಡೆಸುವುದು ಒಟಾಕಾರ್ಪ್ ಎಂಬ ಲಾಭರಹಿತ ಸಂಸ್ಥೆ. ದುಡಿಯುವವರಿಗೆ ಸಂಬಳವಿಲ್ಲ. ನಮ್ಮ ದಾವಣಗೆರೆಯ ಓಣಿಯ ಗಣಪತಿ ಕಮಿಟಿಯ ಹಾಗೆ ಆಫೀಸಿಗೆ ರಜೆ ಹಾಕಿ ಬಂದು ಕ್ಯೂ ನಿಲ್ಲಿಸುತ್ತಾರೆ, ಕುರ್ಚಿ ಜೋಡಿಸುತ್ತಾರೆ. ನನ್ನ ಮಗಳೂ ಒಂದು ವರ್ಷ ಆ ಕೆಲಸಕ್ಕೆ ನಿಂತು, ಗಂಟಲು ಕಟ್ಟಿಸಿಕೊಂಡು ಮನೆಗೆ ಬಂದಳು.

ಬೆಂಗಳೂರಿನ ಕಾಲೇಜುಗಳಲ್ಲೂ ಅನಿಮೆ ನೋಡುವ ಗುಂಪುಗಳಿಗೆ ಬರವಿಲ್ಲ. ಭಾನುವಾರ ಖಾಲಿ ಬಿದ್ದಿರುವ ಕಾಲೇಜು ಸಭಾಂಗಣವನ್ನು ಕಡಿಮೆ ಬಾಡಿಗೆಗೆ ಕೊಟ್ಟರೆ ಅವರೂ 350 ಜನರನ್ನು ಸೇರಿಸಿಯಾರು. ನಿಮ್ಮ ವರದಿಗಾರರು ಮುಂದಿನ ಸಲ ವೇಷದವರ ಫೋಟೊ ಹಾಕುವಾಗ, ಮೇಳದಲ್ಲಿ ಮಳಿಗೆಯ ಬಾಡಿಗೆ ಎಷ್ಟು, ಚಿತ್ರ ಬಿಡಿಸಿ ಮಾರುವ ಹುಡುಗರ ಕೈಯಲ್ಲಿ ಕೊನೆಗೆ ಉಳಿಯುವುದೆಷ್ಟು ಎಂದೂ ಕೇಳಿ ಬರೆಯಲಿ.

– ದಾವಣಗೆರೆ ಮೂಲದ ಓದುಗ, ಮೇರಿಲ್ಯಾಂಡ್, ಅಮೆರಿಕ